ನೊಬೆಲ್ ಕಾಣದ ಡಾ. ಬರ್ಸನ್

ನಮ್ಮ ತಂದೆಯವರು ಕೋಲಾರ ಚಿನ್ನದ ಗಣಿಯಲ್ಲಿ ಅದಿರಿನ ಪರೀಕ್ಷಕರಾಗಿದ್ದರು. ಅದಿರನ್ನು ಪುಡಿಮಾಡಿ, ಸೀಸದೊಡನೆ ಕರಗಿಸಿ, ಕೊನೆಗುಳಿಯುವ ಚಿನ್ನದ ಕಣವನ್ನು ತೂಗುವ ಆ ಕೆಲಸಕ್ಕೆ ಅಸ್ಸೇ ಎಂದು ಹೆಸರು. ಕೊನೆಗಾಲದಲ್ಲಿ ಟನ್ ಅದಿರಿಗೆ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. 2001ರಲ್ಲಿ ಗಣಿ ಮುಚ್ಚಿತು. ಈಚೆಗೆ ಬಂಗಾರಪೇಟೆಯ ಪ್ರಯೋಗಾಲಯವೊಂದರಿಂದ ತಾಯಿಯವರ ಥೈರಾಯ್ಡ್ ವರದಿ ಪಡೆದಾಗ, ಪರೀಕ್ಷಾ ವಿಧಾನದ ಸಾಲಿನಲ್ಲಿ ಅದೇ ಪದ ಕಣ್ಣಿಗೆ ಬಿತ್ತು: ಇಮ್ಯುನೊಅಸ್ಸೇ. ವಯಸ್ಸಿನ ಆಯಾಸವೆಂದು ನಾವು ವರ್ಷಗಟ್ಟಲೆ ತಳ್ಳಿಹಾಕಿದ್ದ ಅವರ ನಿತ್ರಾಣಕ್ಕೆ ಕಾರಣ ಆ ವರದಿಯ ಒಂದು ಅಂಕಿಯಲ್ಲಿತ್ತು.

ಇಂಥ ಪರೀಕ್ಷೆಗೆ ದಾರಿ ತೆರೆದವರು ಇಬ್ಬರು. ರೊಸಾಲಿನ್ ಯಾಲೋ ಅವರ ಹೆಸರು ಪಠ್ಯಪುಸ್ತಕಗಳಲ್ಲಿದೆ. ಇನ್ನೊಬ್ಬರು ಸಾಲಮನ್ ಬರ್ಸನ್. 1918ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಅವರು ಪಿಟೀಲು ನುಡಿಸುತ್ತಿದ್ದರು, ಚದುರಂಗದಲ್ಲಿ ನುರಿತವರು. ವೈದ್ಯಕೀಯ ಕಾಲೇಜುಗಳು ಒಂದಾದ ಮೇಲೊಂದು ಪ್ರವೇಶ ನಿರಾಕರಿಸಿದ ಕಾರಣ ಪದವಿ ಕೈಸೇರಿದ್ದು 1945ರಲ್ಲಿ. 1950ರಲ್ಲಿ ಬ್ರಾಂಕ್ಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಭೌತವಿಜ್ಞಾನಿ ಯಾಲೋ ಅವರ ಜೊತೆಗೂಡಿದರು. ಇವರು ವೈದ್ಯಶಾಸ್ತ್ರ ಕಲಿಸಿದರು, ಆಕೆ ಭೌತಶಾಸ್ತ್ರ.

ಸಕ್ಕರೆ ಕಾಯಿಲೆಗೆ ಆಗ ದನ, ಹಂದಿಗಳ ಇನ್ಸುಲಿನ್ನೇ ಮದ್ದು. ವಿಕಿರಣಶೀಲ ಅಯೋಡಿನ್ನಿನ ಗುರುತು ಹಚ್ಚಿದ ಇನ್ಸುಲಿನ್, ಆ ಮದ್ದನ್ನು ಹಿಂದೆ ಪಡೆದವರ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದನ್ನು ಅವರು ಕಂಡರು. ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಸೃಷ್ಟಿಸಿಕೊಂಡಿತ್ತು. ಅಷ್ಟು ಸಣ್ಣ ಅಣುವಿಗೆ ಪ್ರತಿಕಾಯ ಹುಟ್ಟದೆಂಬುದು ಅಂದಿನ ಪಂಡಿತರ ನಂಬಿಕೆ. ಒಂದು ಪತ್ರಿಕೆ ಪ್ರಬಂಧವನ್ನು ತಿರಸ್ಕರಿಸಿತು. 1956ರಲ್ಲಿ ಇನ್ನೊಂದು ಪ್ರಕಟಿಸಿದ್ದು ಶೀರ್ಷಿಕೆಯಿಂದ ಪ್ರತಿಕಾಯವೆಂಬ ಪದವನ್ನು ಕೈಬಿಟ್ಟ ಮೇಲೆ!

ಆ ಪ್ರತಿಕಾಯವನ್ನೇ ಅವರು ತಕ್ಕಡಿ ಮಾಡಿಕೊಂಡರು. ಮಿತ ಪ್ರಮಾಣದ ಪ್ರತಿಕಾಯಕ್ಕೆ ಗುರುತು ಹಚ್ಚಿದ ಇನ್ಸುಲಿನ್ನನ್ನೂ ರೋಗಿಯ ರಕ್ತಸಾರವನ್ನೂ ಬೆರೆಸಿದರೆ ಎರಡರ ಇನ್ಸುಲಿನ್ನೂ ಅದೇ ಜಾಗಕ್ಕಾಗಿ ಪೈಪೋಟಿಗಿಳಿಯುತ್ತವೆ. ರೋಗಿಯದು ಹೆಚ್ಚಿದ್ದಷ್ಟೂ ಗುರುತಿನದು ಹೊರಗುಳಿಯುತ್ತದೆ. ಅದರ ವಿಕಿರಣವನ್ನು ಎಣಿಸಿದರೆ ಲೆಕ್ಕ ಸಿಕ್ಕಿತು. ಉಪವಾಸವಿದ್ದ ಆರೋಗ್ಯವಂತರ ರಕ್ತ ಒಂದು ಟನ್ನಿನಷ್ಟಿದ್ದರೂ ಅದರಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಗ್ರಾಂ ಕೂಡ ತೂಗದು. ಅದರ ಮುಂದೆ ತಂದೆಯವರ ತಕ್ಕಡಿ ಬಲು ಒರಟು.

ಈ ವಿಧಾನಕ್ಕೆ ಇಬ್ಬರೂ ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ಕಲಿತು ಬಳಸಬಹುದಾಗಿತ್ತು, ಬಳಸಿದರು. ಈಗ ವಿಕಿರಣದ ಬದಲು ಹೆಚ್ಚಾಗಿ ಕಿಣ್ವಗಳು, ಬೆಳಕು ಸೂಸುವ ರಾಸಾಯನಿಕಗಳು ಬಂದಿವೆ. ಹಿಡಿಯುವ ಕೈ ಮಾತ್ರ ಪ್ರತಿಕಾಯದ್ದೇ.

1972ರ ಏಪ್ರಿಲ್‌ನಲ್ಲಿ ಬರ್ಸನ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 53 ವರ್ಷ. 1977ರ ನೊಬೆಲ್ ಯಾಲೋ ಅವರಿಗೆ ಸಂದಿತು. ಗತಿಸಿದವರನ್ನು ಆ ಪುರಸ್ಕಾರಕ್ಕೆ ಪರಿಗಣಿಸುವುದಿಲ್ಲ. ಅಷ್ಟರಲ್ಲಿ ಆಕೆ ತಮ್ಮ ಪ್ರಯೋಗಾಲಯಕ್ಕೆ ಬರ್ಸನ್ ಅವರ ಹೆಸರಿಡಿಸಿದ್ದರು, ತಾವು ಪ್ರಕಟಿಸುವ ಪ್ರಬಂಧಗಳಲ್ಲಿ ಆ ಹೆಸರು ಬರುತ್ತಿರಲೆಂದು.