ತಣ್ಣನೆಯ ಚಂದ್ರ, ಕುದ್ದ ಕಲ್ಲು

ಹೆರಾಲ್ಡ್ ಯೂರಿ ಅಂದ್ರೆ ನಮಗೆ ನೆನಪಾಗೋದು ಡ್ಯುಟೀರಿಯಂ; 1934ರ ನೊಬೆಲ್ ಸಿಕ್ಕಿದ್ದು ಅದಕ್ಕೇ. 1893ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರಾಗಿ ದುಡಿದು ಆಮೇಲೆ ಕಾಲೇಜು ಸೇರಿದರು.

ನಡುವಯಸ್ಸು ದಾಟಿದ ಮೇಲೆ ಚಂದ್ರನ ಗುಂಗು ಹಿಡಿಯಿತು. ಚಂದ್ರ ಹುಟ್ಟಿನಿಂದಲೂ ತಣ್ಣಗಿದೆ, ಸೌರಮಂಡಲದ ಮೂಲವಸ್ತು ಅಲ್ಲಿ ಹಾಗೇ ಉಳಿದಿದೆ ಅನ್ನೋದು ಅವರ ವಾದ. ಅದನ್ನು ನಂಬಿಯೇ ನಾಸಾ ಚಂದ್ರನತ್ತ ಹೋಗಬೇಕೆಂದು ಒತ್ತಾಯಿಸಿದರು.

1969ರಲ್ಲಿ ಅಪೊಲೊ 11 ಕಲ್ಲು ತಂತು. ನೋಡಿದರೆ ಬಸಾಲ್ಟ್! ಕರಗಿ ಹರಿದ ಲಾವಾ. ಟೈಟಾನಿಯಂ ಧಾರಾಳ, ವಯಸ್ಸು 350 ಕೋಟಿ ವರ್ಷಕ್ಕೂ ಹೆಚ್ಚು. ಜೊತೆಗೆ ಬಿಳಿಯ ಅನಾರ್ಥೊಸೈಟ್ ಚೂರುಗಳು. ಇವನ್ನು ನೋಡಿ ಬೇರೆ ವಿಜ್ಞಾನಿಗಳು ಹೊಸ ಕಥೆ ಕಟ್ಟಿದರು: ಚಂದ್ರನ ಹೊರಭಾಗ ಒಮ್ಮೆ ಶಿಲಾರಸದ ಸಮುದ್ರ, ಹಗುರ ಹರಳುಗಳು ತೇಲಿ ಬಿಳಿ ತೊಗಟೆಯಾದವು, ಭಾರದವು ಮುಳುಗಿದವು. ಮುಳುಗಿದ ಪದರವೇ ಮುಂದೆ ಮತ್ತೆ ಕರಗಿ ಬಸಾಲ್ಟ್ ಆಗಿ ಉಕ್ಕಿತು.

ಆಗ ಯೂರಿಗೆ 76. ತಾವೇ ಹಟ ಹಿಡಿದು ತರಿಸಿದ ಸಾಕ್ಷಿ ತಮಗೇ ತಿರುಗಿಬಿತ್ತು. ಅವರು ಕಲ್ಲಿನ ಮಾತು ಕೇಳಿ, ತಣ್ಣನೆಯ ಚಂದ್ರನನ್ನು ಕೈಬಿಟ್ಟರು. 1981ರಲ್ಲಿ ತೀರಿಕೊಂಡರು.

ಲ್ಯಾಬಲ್ಲಿ ಗ್ರಾಫಿಗೆ ಕೂರದ ರೀಡಿಂಗನ್ನು ಸದ್ದಿಲ್ಲದೆ ತಿದ್ದೋ ನಾವು, ಈ ಅಜ್ಜನನ್ನು ಒಮ್ಮೆ ನೆನೆಯಬೇಕು.