ಕಿರೀಟವನ್ನು ಕಂಡ ಕಣ್ಣು

ಹಣವಿಲ್ಲದೆ ವಿಶ್ವವಿದ್ಯಾನಿಲಯದ ಮೆಟ್ಟಿಲೇರದ ಹುಡುಗಿಯೊಬ್ಬಳು ವೈರಾಣುಶಾಸ್ತ್ರಕ್ಕೆ ಹೊಸ ಅಧ್ಯಾಯವನ್ನು ಸೇರಿಸಿದಳೆಂದರೆ ನಂಬುವುದು ಕಷ್ಟ. ಜೂನ್ ಅಲ್ಮೇಡಾ ಅವರ ಜೀವನವೇ ಅದಕ್ಕೆ ಸಾಕ್ಷಿ.

ಅವರು ಜನಿಸಿದುದು 1930ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ. ತಂದೆ ಬಸ್ಸು ಚಾಲಕರು. ತಮ್ಮನು ಎಳವೆಯಲ್ಲಿಯೇ ಗಂಟಲಮಾರಿಗೆ ಬಲಿಯಾದನು. ಓದಿನಲ್ಲಿ ಜಾಣೆಯಾಗಿದ್ದರೂ ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟು ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಬೇಕಾಯಿತು. ಮದುವೆಯಾದ ಮೇಲೆ ಕೆನಡಾದ ಟೊರಾಂಟೊಗೆ ತೆರಳಿ, ಅಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಬಳಕೆಯಲ್ಲಿ ಪಳಗಿದರು. ಪ್ರತಿಕಾಯಗಳನ್ನು ಬೆರೆಸಿದರೆ ವೈರಾಣುಗಳು ಗುಂಪುಗೂಡಿ ಕಣ್ಣಿಗೆ ಬೀಳುತ್ತವೆಂಬ ಉಪಾಯವನ್ನು ಕೈವಶ ಮಾಡಿಕೊಂಡರು. 1964ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಗೆ ಬಂದರು.

ಆಗ ಡೇವಿಡ್ ಟಿರೆಲ್ ಎಂಬ ವೈದ್ಯರು ನೆಗಡಿಯನ್ನು ಕುರಿತು ಸಂಶೋಧನೆ ನಡೆಸುತ್ತಿದ್ದರು. ಅವರು ಕಳುಹಿಸಿದ ಮಾದರಿಯಲ್ಲಿ ಜೂನ್ ಕಂಡ ಕಣಗಳ ಸುತ್ತ ಮುಳ್ಳುಗಳ ಪ್ರಭಾವಳಿಯಿತ್ತು. ಅಂಥ ರೂಪವನ್ನು ಅವರು ಮೊದಲೂ ಕಂಡು ಬರೆದಿದ್ದರು. ಪರಿಶೀಲಕರು ಅವನ್ನು ಫ್ಲೂ ವೈರಾಣುವಿನ ಕೆಟ್ಟ ಚಿತ್ರಗಳೆಂದು ತಳ್ಳಿಹಾಕಿದ್ದರು. ಈ ಸಲ ಸತ್ಯ ಗೆದ್ದಿತು. ಚಿತ್ರಗಳು 1967ರಲ್ಲಿ ಪ್ರಕಟವಾದವು. 1968ರಲ್ಲಿ ಆ ಕುಲಕ್ಕೆ, ಕಿರೀಟವೆಂಬ ಅರ್ಥದ ಲ್ಯಾಟಿನ್ ಪದದಿಂದ, ಕೊರೋನಾ ಎಂಬ ಹೆಸರು ಬಂದಿತು. ಪ್ರಕಟಿತ ಲೇಖನಗಳ ಬಲದಿಂದಲೇ ಅವರಿಗೆ ಡಾಕ್ಟರೇಟ್ ದೊರೆಯಿತು. ನಿವೃತ್ತಿಯ ನಂತರ ಯೋಗಾಭ್ಯಾಸವನ್ನೂ ಕಲಿಸಿದ ಅವರು 2007ರಲ್ಲಿ ತೀರಿಕೊಂಡರು.

2020ರಲ್ಲಿ ಅದೇ ಕುಲದ ಹೊಸ ವೈರಾಣು ಲೋಕವನ್ನು ಮುತ್ತಿದಾಗ ಆ ಕಿರೀಟದ ಅರ್ಥ ಸಾಮಾನ್ಯರಿಗೂ ತಿಳಿಯಿತು. ಮುಳ್ಳುಗಳೇ ನಮ್ಮ ಜೀವಕೋಶದ ಬಾಗಿಲು ತೆರೆಯುವ ಬೀಗದ ಕೈ. ವೈರಾಣು ತನ್ನ ಸುಮಾರು 30,000 ಅಕ್ಷರಗಳ ಬರೆಹವನ್ನು ಪ್ರತಿ ಮಾಡುವಾಗ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ. ಹೆಚ್ಚಿನ ತಪ್ಪುಗಳಿಂದ ಅದಕ್ಕೆ ಲಾಭವಿಲ್ಲ. ಹರಡಲು ನೆರವಾಗುವ ತಪ್ಪೊಂದು ಬಂದರೆ ಮಾತ್ರ ಆ ಸಂತತಿಯು ಉಳಿದವನ್ನು ಹಿಂದೆ ಹಾಕುತ್ತದೆ. ಮುಳ್ಳಿನ 614ನೆಯ ಸ್ಥಾನದ ಒಂದೇ ಬದಲಾವಣೆ 2020ರ ಮಧ್ಯದ ವೇಳೆಗೆ ಜಗತ್ತನ್ನು ವ್ಯಾಪಿಸಿತು. 2021ರ ನವೆಂಬರಿನಲ್ಲಿ ಗುರುತಿಸಲಾದ ಓಮಿಕ್ರಾನಿನ ಮುಳ್ಳಿನಲ್ಲಿ ಸುಮಾರು 30 ಬದಲಾವಣೆಗಳಿದ್ದವು. ಸೋಂಕು ಹೆಚ್ಚಿದಷ್ಟೂ ಪ್ರತಿಗಳು ಹೆಚ್ಚು. ಪ್ರತಿಗಳು ಹೆಚ್ಚಿದಷ್ಟೂ ತಪ್ಪಿಗೆ ಅವಕಾಶ ಹೆಚ್ಚು. ಆದುದರಿಂದ ರೋಗ ಹರಡದಂತೆ ತಡೆಯುವುದೆಂದರೆ ಹೊಸ ರೂಪಗಳ ಹುಟ್ಟನ್ನು ತಡೆಯುವುದೂ ಹೌದು.

ನಮ್ಮ ಮನೆಯಲ್ಲಿ ಪದವಿ ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಈ ಜೀವನವನ್ನು ಓದುವಾಗ, ಹತ್ತನೆಯ ತರಗತಿ ಮುಗಿಸಿ ಕೂಲಿಗೆ ಹೋದ ನನ್ನ ಗೆಳೆಯರು ನೆನಪಾದರು. ಅವರಲ್ಲಿ ಎಂಥೆಂಥ ಕಣ್ಣುಗಳಿದ್ದವೋ! ಅವಕ್ಕೊಂದು ಸೂಕ್ಷ್ಮದರ್ಶಕ ಸಿಗಲಿಲ್ಲ, ಅಷ್ಟೆ.