ಪೆನಿಸಿಲಿನ್‌ಗೆ ಘನರೂಪ ಕೊಟ್ಟ ಚೈನ್

ಪೆನಿಸಿಲಿನ್ ಎಂದೊಡನೆ ನೆನಪಾಗುವುದು 1928ರಲ್ಲಿ ಅದನ್ನು ಗುರುತಿಸಿದ ಅಲೆಕ್ಸಾಂಡರ್ ಫ್ಲೆಮಿಂಗ್. ಆದರೆ ಅದನ್ನು ಕೆಡದಂತೆ ಒಣಗಿಸಿ ಔಷಧವಾಗಿಸಿದ ಶ್ರಮದಲ್ಲಿ ಅರ್ನ್ಸ್ಟ್ ಚೈನ್ ಅವರ ಪಾಲು ದೊಡ್ಡದು.

1906ರಲ್ಲಿ ಬರ್ಲಿನ್‌ನ ಯಹೂದಿ ಕುಟುಂಬದಲ್ಲಿ ಜನಿಸಿದ ಚೈನ್, ಹಿಟ್ಲರ್ ಅಧಿಕಾರಕ್ಕೇರಿದ 1933ರಲ್ಲಿ ಇಂಗ್ಲೆಂಡ್ ಸೇರಿದರು. ಹಿಂದೆ ಉಳಿದ ತಾಯಿ, ಸೋದರಿ ಇಬ್ಬರೂ ನಾಜಿಗಳಿಗೆ ಬಲಿಯಾದರು.

ಆಕ್ಸ್‌ಫರ್ಡ್‌ನಲ್ಲಿ ಹೋವರ್ಡ್ ಫ್ಲೋರಿ ಅವರ ತಂಡದಲ್ಲಿದ್ದಾಗ ಎದುರಾದ ತೊಡಕೆಂದರೆ, ಶಾಖ ತಾಗಿದರೆ ಪೆನಿಸಿಲಿನ್ ನಾಶವಾಗುತ್ತಿತ್ತು. ಕುದಿಸಿ ಇಂಗಿಸುವಂತಿರಲಿಲ್ಲ. ಚೈನ್ ದ್ರಾವಣವನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿದರು. ಈ ವಿಧಾನದಲ್ಲಿ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಅದಿದ್ದ ಎಡೆಯೆಲ್ಲ ಸೂಕ್ಷ್ಮ ರಂಧ್ರಗಳಾಗಿ, ಹಗುರ ಬಿಲ್ಲೆ ಉಳಿಯುತ್ತದೆ. ನೀರು ಬೆರೆಸಿದೊಡನೆ ಕರಗುತ್ತದೆ. ಒಣಗುವ ಮುನ್ನ ಶಾಖ ಹೆಚ್ಚಾದರೆ ಮಾತ್ರ ಬಿಲ್ಲೆ ಕುಸಿದು ಅಂಟಾಗುವುದು.

1940ರಲ್ಲಿ ಕೈಗೆ ಬಂದದ್ದು ಕಂದು ಪುಡಿ, ಅದರಲ್ಲೂ ಬಹುಪಾಲು ಕಲ್ಮಶವೇ! ಆದರೂ ಮೇ 25ರಂದು ಮಾರಕ ಸೋಂಕು ತಗುಲಿಸಿದ ಎಂಟು ಇಲಿಗಳಲ್ಲಿ ಔಷಧ ಪಡೆದ ನಾಲ್ಕು ಮರುದಿನ ಬೆಳಗ್ಗೆ ಜೀವಂತವಾಗಿದ್ದವು. ಪಡೆಯದ ನಾಲ್ಕೂ ಸತ್ತಿದ್ದವು.

1945ರ ನೊಬೆಲ್ ಪ್ರಶಸ್ತಿಯನ್ನು ಫ್ಲೆಮಿಂಗ್, ಫ್ಲೋರಿ ಅವರೊಂದಿಗೆ ಹಂಚಿಕೊಂಡ ಚೈನ್, ಪೇಟೆಂಟ್ ಪಡೆಯಬೇಕೆಂದು ಮಾಡಿದ ವಾದಕ್ಕೆ ಬ್ರಿಟನ್ನಿನಲ್ಲಿ ಮನ್ನಣೆ ಸಿಗಲಿಲ್ಲ. 1979ರಲ್ಲಿ ಐರ್ಲೆಂಡ್‌ನಲ್ಲಿ ನಿಧನರಾದರು.